ಮದುವೆ ಮುರಿದಾಗ ಮನೆ ಯಾರ ಪಾಲಿಗೆ?

ವಿಚ್ಛೇದನದ ಡಿಕ್ರಿ ಬಿಡಿಸುವುದು ಮದುವೆಯ ಗಂಟನ್ನು ಮಾತ್ರ. ಗಂಡ ಹೆಂಡತಿ ಸೇರಿ ಕೊಂಡ ಮನೆಯ ಒಡೆತನ, ಅದರ ಮೇಲಿನ ಬ್ಯಾಂಕ್ ಸಾಲ, ಅದರಲ್ಲಿ ವಾಸಿಸುವ ಹಕ್ಕು ಈ ಮೂರೂ ಬೇರೆ ಬೇರೆ ಕಾನೂನುಗಳ ಕೆಳಗೆ ಬರುತ್ತವೆ. ಇವುಗಳ ಬಗ್ಗೆ ಪ್ರತ್ಯೇಕವಾಗಿ ತೀರ್ಮಾನವಾಗದಿದ್ದರೆ, ಡಿಕ್ರಿ ಕೈಗೆ ಬಂದ ಮೇಲೂ ಇಬ್ಬರೂ ಒಂದೇ ಕ್ರಯಪತ್ರದ ಒಡೆಯರಾಗಿ, ಒಂದೇ ಸಾಲದ ಸಾಲಗಾರರಾಗಿ ಉಳಿಯುತ್ತಾರೆ. ನಗರಗಳ ಮಧ್ಯಮ ವರ್ಗದ ಕುಟುಂಬಗಳಲ್ಲಿ ಮನೆಯೇ ಅತಿ ದೊಡ್ಡ ಆಸ್ತಿ, ಗೃಹಸಾಲವೇ ಅತಿ ದೊಡ್ಡ ಹೊರೆ. ಹಾಗಾಗಿ ಎಷ್ಟೋ ಪ್ರಕರಣಗಳಲ್ಲಿ ಜೀವನಾಂಶಕ್ಕಿಂತ ಮನೆಯ ಲೆಕ್ಕವೇ ಹೆಚ್ಚು ಜಟಿಲವಾಗುತ್ತದೆ.

ಮದುವೆಯಿಂದಲೇ ಪಾಲು ಹುಟ್ಟುವುದಿಲ್ಲ

ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ದಾಂಪತ್ಯದ ಅವಧಿಯಲ್ಲಿ ದುಡಿದು ಗಳಿಸಿದ ಆಸ್ತಿ ಯಾರ ಹೆಸರಿನಲ್ಲಿದ್ದರೂ ಇಬ್ಬರಿಗೂ ಸೇರುತ್ತದೆ. ವಿಚ್ಛೇದನವಾದರೆ ಸಾಮಾನ್ಯವಾಗಿ ಅರ್ಧರ್ಧ. ಇಂಗ್ಲೆಂಡಿನಲ್ಲಿ ಇಬ್ಬರ ಅಗತ್ಯ, ಮಕ್ಕಳ ಹಿತ ನೋಡಿ ಮನೆಯನ್ನು ಹಂಚುವ ವಿಶಾಲ ಅಧಿಕಾರ ನ್ಯಾಯಾಲಯಕ್ಕಿದೆ. ಗೋವಾ ಬಿಟ್ಟರೆ ಭಾರತದಲ್ಲಿ ಇಂಥ ನಿಯಮವಿಲ್ಲ. ಇಲ್ಲಿ ಗಂಡನ ಆಸ್ತಿ ಗಂಡನದು, ಹೆಂಡತಿಯ ಆಸ್ತಿ ಹೆಂಡತಿಯದು, ಜಂಟಿಯಾಗಿ ಕೊಂಡದ್ದು ಮಾತ್ರ ಇಬ್ಬರದು. ಇಪ್ಪತ್ತು ವರ್ಷ ಸಂಸಾರ ಮಾಡಿದರೂ, ಗಂಡನೊಬ್ಬನ ಹೆಸರಿನಲ್ಲಿ ಗಂಡನ ಹಣದಿಂದಲೇ ಕೊಂಡ ಮನೆಯಲ್ಲಿ ಹೆಂಡತಿಗೆ ಒಡೆತನದ ಪಾಲು ತಾನಾಗಿ ಬರುವುದಿಲ್ಲ. ಹೆಂಡತಿಯ ಮನೆಯ ಮೇಲೆ ಗಂಡನಿಗೂ ಹಾಗೆಯೇ.

1955ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಆಸ್ತಿಯ ಮಾತನ್ನು ಎತ್ತುತ್ತದೆ. ಆದರೆ ಅದರ ವ್ಯಾಪ್ತಿ ಕಿರಿದು: ಮದುವೆಯ ಹೊತ್ತಿನಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಜಂಟಿಯಾಗಿ ಸೇರಬಹುದಾದ ಆಸ್ತಿಗೆ ಮಾತ್ರ ಅದು ಅನ್ವಯಿಸುತ್ತದೆ. ಮದುವೆಯಾಗಿ ಆರು ವರ್ಷದ ನಂತರ ಸಾಲ ಮಾಡಿ ಕೊಂಡ ಫ್ಲ್ಯಾಟ್ ಅದರೊಳಗೆ ಬರುವುದಿಲ್ಲ. ಅಂಥ ಮನೆಯ ವ್ಯಾಜ್ಯಕ್ಕೆ ಆಧಾರವಾಗುವುದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಸೆಕ್ಷನ್. ದಂಪತಿಯ ಇಬ್ಬರ ಅಥವಾ ಒಬ್ಬರ ಆಸ್ತಿಗೆ ಸಂಬಂಧಿಸಿದ ದಾವೆಯನ್ನು ಕೌಟುಂಬಿಕ ನ್ಯಾಯಾಲಯವೇ ಕೇಳಬಹುದು ಎಂದು ಅದು ಹೇಳುತ್ತದೆ. ಆದರೆ ಆ ನ್ಯಾಯಾಲಯವೂ ಹಂಚಿಕೆಗೆ ಬಳಸುವುದು ಎಲ್ಲರಿಗೂ ಅನ್ವಯಿಸುವ ಆಸ್ತಿ ಕಾನೂನನ್ನೇ.

ಕಾರವಾರದಿಂದ ಗಡಿ ದಾಟಿ ಗೋವಾಕ್ಕೆ ಹೋದರೆ ನಿಯಮವೇ ಬೇರೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಿಂದ ಬಂದ ಪದ್ಧತಿಯಂತೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದ ದಂಪತಿಯ ಆಸ್ತಿಯೆಲ್ಲ ಒಂದೇ ರಾಶಿಗೆ ಸೇರಿ, ಇಬ್ಬರಿಗೂ ಅದರಲ್ಲಿ ಅರ್ಧ ಹಕ್ಕು ಇರುತ್ತದೆ. ದೇಶದ ಉಳಿದ ಭಾಗಕ್ಕೂ ಇದನ್ನು ಹೋಲುವ ಏರ್ಪಾಡು ತರುವ ಯತ್ನವೊಂದು ನಡೆದಿತ್ತು. 2010ರಲ್ಲಿ ಮಂಡನೆಯಾದ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಗೆ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಅಂಶ ಸೇರಿ, 2013ರಲ್ಲಿ ರಾಜ್ಯಸಭೆಯ ಒಪ್ಪಿಗೆಯೂ ದೊರೆಯಿತು. ಲೋಕಸಭೆಯಲ್ಲಿ ಅಂಗೀಕಾರವಾಗುವ ಮೊದಲೇ 2014ರಲ್ಲಿ ಆ ಸಭೆಯ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು.

ಒಡೆತನವನ್ನು ನಿರ್ಧರಿಸುವ ಅಂಶಗಳು

ಮೊದಲು ನೋಡಬೇಕಾದದ್ದು ನೋಂದಾಯಿತ ಕ್ರಯಪತ್ರ. ಅದರಲ್ಲಿ ಇಬ್ಬರ ಹೆಸರಿದ್ದು, ಯಾರಿಗೆ ಎಷ್ಟು ಪಾಲು ಎಂದು ಬರೆದಿದ್ದರೆ ವಿಷಯ ಸರಳ. ಆದರೆ ಬಹುತೇಕ ಕ್ರಯಪತ್ರಗಳಲ್ಲಿ ಖರೀದಿದಾರರ ಜಾಗದಲ್ಲಿ ಎರಡು ಹೆಸರು ಇರುತ್ತವೆಯೇ ಹೊರತು ಪಾಲಿನ ಪ್ರಮಾಣ ಇರುವುದಿಲ್ಲ. ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಅನ್ವಯವಾಗುತ್ತದೆ. ಖರೀದಿಗೆ ಇಬ್ಬರೂ ಪ್ರತ್ಯೇಕವಾಗಿ ಹಣ ಹಾಕಿದ್ದರೆ ಹಾಕಿದ ಹಣದ ಪ್ರಮಾಣದಲ್ಲಿ ಪಾಲು. ಯಾರು ಎಷ್ಟು ಹಾಕಿದರು ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂಬ ಊಹೆ. ಇದರ ಅರ್ಥ, ಹತ್ತು ವರ್ಷ ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಬಿಲ್ಡರ್ ಕೊಟ್ಟ ರಸೀದಿಗೂ ಈಗ ಬೆಲೆ ಬರುತ್ತದೆ.

ಆದರೂ ಕಂತು ಕಟ್ಟಿದವರೇ ಪೂರ್ಣ ಒಡೆಯರು ಎಂಬ ವಾದ ಸುಲಭವಾಗಿ ಗೆಲ್ಲುವುದಿಲ್ಲ. ಜಂಟಿ ಹೆಸರಿನ ಮನೆ ಮಾರಿ ಉಳಿದ ಹಣಕ್ಕಾಗಿ ನಡೆದ ವ್ಯಾಜ್ಯದಲ್ಲಿ 2025ರಲ್ಲಿ ದೆಹಲಿ ಹೈಕೋರ್ಟ್, ಇಎಂಐ ತಾನೊಬ್ಬನೇ ಕಟ್ಟಿದೆ ಎಂಬ ಕಾರಣಕ್ಕೆ ಇಡೀ ಹಣ ತನ್ನದೆಂದು ಗಂಡ ಹೇಳುವಂತಿಲ್ಲ ಎಂದು ತೀರ್ಮಾನಿಸಿ, ಹೆಂಡತಿಯ ಅರ್ಧ ಪಾಲನ್ನು ಎತ್ತಿಹಿಡಿಯಿತು. ಸಂಬಳ ತರದ ಗೃಹಿಣಿಯ ದುಡಿಮೆಗೂ ಲೆಕ್ಕ ಸಿಕ್ಕ ಉದಾಹರಣೆ ಇದೆ. ಮನೆ, ಮಕ್ಕಳನ್ನು ನೋಡಿಕೊಂಡು ಗಂಡನ ಸಂಪಾದನೆಗೆ ದಾರಿ ಮಾಡಿಕೊಟ್ಟ ಹೆಂಡತಿ ಆಸ್ತಿಯ ಗಳಿಕೆಗೆ ಪರೋಕ್ಷವಾಗಿ ಕೊಡುಗೆ ನೀಡಿದ್ದಾಳೆ ಎಂದು ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಹೇಳಿತು. ಇವು ಆಯಾ ಪ್ರಕರಣದ ಸಂಗತಿಗಳ ಮೇಲೆ ಬಂದ ತೀರ್ಪುಗಳು. ಶಾಸನದ ಸ್ಥಾನ ಇವಕ್ಕಿಲ್ಲ.

ಹೆಂಡತಿಯ ಹೆಸರಿನಲ್ಲಿ ಗಂಡ ಕೊಂಡ ಮನೆ ಇನ್ನೊಂದು ಬಗೆ. ನೋಂದಣಿಯಲ್ಲಿ ರಿಯಾಯಿತಿ, ಸಾಲದ ಬಡ್ಡಿಯಲ್ಲಿ ರಿಯಾಯಿತಿ ಎಂದು ಹೀಗೆ ಮಾಡುವವರಿದ್ದಾರೆ. ಬೇನಾಮಿ ವ್ಯವಹಾರ ತಡೆ ಕಾಯ್ದೆಯು, ಲೆಕ್ಕಕ್ಕೆ ಸಿಗುವ ಆದಾಯದಿಂದ ಪತ್ನಿಯ ಅಥವಾ ಪತಿಯ ಹೆಸರಿನಲ್ಲಿ ಕೊಂಡ ಆಸ್ತಿಯನ್ನು ಬೇನಾಮಿ ಎನ್ನುವುದಿಲ್ಲ. ಹಾಗಾಗಿ ಹಣ ತನ್ನದೆಂದು ಗಂಡ ವಾದಿಸಬಹುದು; ಮನೆಯನ್ನು ಪ್ರೀತಿಯಿಂದ ತನಗಾಗಿಯೇ ಕೊಂಡದ್ದೆಂದು ಹೆಂಡತಿ ವಾದಿಸಬಹುದು. ಮನೆ ಕೊಂಡ ಉದ್ದೇಶ, ಹಣದ ಮೂಲ, ಪತ್ರಗಳು ಯಾರ ಕೈಯಲ್ಲಿದ್ದವು, ತೆರಿಗೆ ಯಾರು ಕಟ್ಟಿದರು ಎಂಬುದರ ಮೇಲೆ ತೀರ್ಮಾನ ನಿಲ್ಲುತ್ತದೆ.

ಗಂಡನ ಪಿತ್ರಾರ್ಜಿತ ಮನೆಯಲ್ಲಿ ಹೆಂಡತಿಗೆ ವಿಚ್ಛೇದನದ ವೇಳೆ ನೇರ ಪಾಲಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಾದರೆ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಹುಟ್ಟಿನಿಂದಲೇ ಹಕ್ಕು ಇದೆ. ತಂದೆತಾಯಿ ಬೇರೆಯಾದರೂ ಅದು ಹೋಗುವುದಿಲ್ಲ. ಅತ್ತೆ ಮಾವನ ಸ್ವಯಾರ್ಜಿತ ಮನೆಯಲ್ಲಿ ಸೊಸೆಗಾಗಲಿ ಮಗನಿಗಾಗಲಿ ಅವರ ಜೀವಿತಕಾಲದಲ್ಲಿ ಒಡೆತನದ ಹಕ್ಕಿಲ್ಲ. ಸ್ತ್ರೀಧನದ ಒಡವೆ ಮಾರಿ ಮನೆಗೆ ಹಾಕಿದ್ದರೆ, ಆ ಹಣವನ್ನು ಹೆಂಡತಿಯ ಪ್ರತ್ಯೇಕ ಹೂಡಿಕೆಯಾಗಿ ತೋರಿಸಲು ಚಿನ್ನದಂಗಡಿಯ ರಸೀದಿ, ಖಾತೆಗೆ ಜಮೆಯಾದ ದಿನಾಂಕ ನೆರವಾಗುತ್ತವೆ.

ಒಡೆತನ ಬೇರೆ, ವಾಸದ ಹಕ್ಕು ಬೇರೆ

ಕ್ರಯಪತ್ರದಲ್ಲಿ ಹೆಸರಿಲ್ಲದ ಹೆಂಡತಿಯನ್ನು ರಾತ್ರೋರಾತ್ರಿ ಹೊರಹಾಕಲು ಬರುವುದಿಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 17ನೇ ಸೆಕ್ಷನ್, ದಂಪತಿ ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಡುತ್ತದೆ. ಆ ಮನೆಯಲ್ಲಿ ಅವಳಿಗೆ ಒಡೆತನ ಇದೆಯೇ ಇಲ್ಲವೇ ಎಂಬುದನ್ನು ಅದು ಕೇಳುವುದಿಲ್ಲ. ಹಿಂಸೆ ಸಾಬೀತಾದಾಗ 19ನೇ ಸೆಕ್ಷನ್ ಕೆಳಗೆ ಮ್ಯಾಜಿಸ್ಟ್ರೇಟರು ಮನೆಯನ್ನು ಮಾರದಂತೆ, ಅಡವಿಡದಂತೆ ಗಂಡನಿಗೆ ತಡೆ ಹಾಕಬಹುದು, ಅಥವಾ ಅದೇ ಮಟ್ಟದ ಬೇರೆ ಮನೆ ಮಾಡಿಕೊಟ್ಟು ಬಾಡಿಗೆ ಕಟ್ಟುವಂತೆ ಹೇಳಬಹುದು.

ಮನೆ ಅತ್ತೆ ಮಾವನದಾದರೆ ಈ ಹಕ್ಕಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಅಕ್ಟೋಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ಬದಲಿಸಿ, ಗಂಡನ ಬಂಧುಗಳ ಮನೆಯೂ ಈ ಕಾಯ್ದೆಯ ವ್ಯಾಪ್ತಿಗೆ ಬರಬಹುದು ಎಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮನೆಯೊಂದರ ಪ್ರಕರಣದಲ್ಲಿ, ಹಿರಿಯ ನಾಗರಿಕರ ಕಾಯ್ದೆಯ ಸಂಕ್ಷಿಪ್ತ ವಿಚಾರಣೆಯ ಮೂಲಕ ಸೊಸೆಯನ್ನು ಹೊರಹಾಕಿ ಈ ಹಕ್ಕನ್ನು ಇಲ್ಲವಾಗಿಸಲಾಗದು ಎಂದೂ ತೀರ್ಪು ಬಂತು. ಆದರೆ ವಾಸದ ಹಕ್ಕು ಎಷ್ಟೇ ಗಟ್ಟಿಯಾದರೂ ಅದು ಮಾರಿದಾಗ ಪಾಲು ಕೇಳುವ ಹಕ್ಕಾಗುವುದಿಲ್ಲ.

ಹಂಚುವ ಮೊತ್ತ ಎಷ್ಟು

ಹಂಚಬೇಕಾದದ್ದು ಮನೆಯ ಪೇಟೆ ಬೆಲೆಯನ್ನಲ್ಲ. ಆ ಬೆಲೆಯಲ್ಲಿ ಬಾಕಿ ಸಾಲ ಕಳೆದು ಉಳಿಯುವ ಮೊತ್ತವನ್ನು. ಪೇಟೆ ಬೆಲೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವನ್ನು ಹಿಡಿದರೆ ಮನೆ ಬಿಟ್ಟುಕೊಡುವವರಿಗೆ ನಷ್ಟ, ಏಕೆಂದರೆ ಎಷ್ಟೋ ಬಡಾವಣೆಗಳಲ್ಲಿ ಅದು ನಿಜವಾದ ಬೆಲೆಗಿಂತ ಕಡಿಮೆ. ಇಬ್ಬರೂ ಒಪ್ಪಿದ ನೋಂದಾಯಿತ ಮೌಲ್ಯಮಾಪಕರ ವರದಿ ತರಿಸುವುದು, ಅಥವಾ ತಲಾ ಒಂದು ವರದಿ ತರಿಸಿ ಸರಾಸರಿ ಹಿಡಿಯುವುದು ರೂಢಿ. ಯಾವ ದಿನದ ಬೆಲೆ, ಯಾವ ದಿನದ ಸಾಲದ ಬಾಕಿ ಎಂಬುದನ್ನೂ ನಿಗದಿ ಮಾಡಬೇಕು; ಬೇರೆಯಾದ ದಿನಕ್ಕೂ ರಾಜಿಯಾದ ದಿನಕ್ಕೂ ನಡುವೆ ಮೂರು ನಾಲ್ಕು ವರ್ಷ ಕಳೆದಿರಬಹುದು.

ಒಂದು ಲೆಕ್ಕ ನೋಡಬಹುದು. ದಂಪತಿ 2016ರಲ್ಲಿ ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಗೆ ಜಂಟಿ ಹೆಸರಿನಲ್ಲಿ ಫ್ಲ್ಯಾಟ್ ಕೊಂಡರು ಎನ್ನೋಣ. ಮುಂಗಡದ 12 ಲಕ್ಷ ಹೆಂಡತಿಯ ಉಳಿತಾಯ ಮತ್ತು ತವರಿನಿಂದ ಬಂದದ್ದು. ಉಳಿದ 48 ಲಕ್ಷ ಇಬ್ಬರ ಹೆಸರಿನ ಸಾಲ. ಕಂತು ಕಟ್ಟಿದ್ದು ಗಂಡ. ಈಗ ಮನೆಯ ಬೆಲೆ 1 ಕೋಟಿ, ಸಾಲದ ಬಾಕಿ 30 ಲಕ್ಷ. ಹಂಚಲು ಸಿಗುವುದು 70 ಲಕ್ಷ. ಸಮಪಾಲಾದರೆ ತಲಾ 35 ಲಕ್ಷ. ಹಾಕಿದ ಹಣದ ಪ್ರಮಾಣ ಹಿಡಿದರೆ, ಹೆಂಡತಿಯದು 12 ಲಕ್ಷ, ಗಂಡ ತೀರಿಸಿದ ಅಸಲು 18 ಲಕ್ಷ. ಆಗ ಹೆಂಡತಿಗೆ ಶೇ 40ರಂತೆ 28 ಲಕ್ಷ, ಗಂಡನಿಗೆ 42 ಲಕ್ಷ. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರಿಂದ ಸಾಲದ ಹಣವೂ ಅರ್ಧರ್ಧ ಇಬ್ಬರ ಹೂಡಿಕೆ ಎಂದು ಹೆಂಡತಿಯ ವಕೀಲರು ವಾದಿಸುತ್ತಾರೆ. ಗಂಡ ಕಟ್ಟಿದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಅತ್ತ ಕಡೆಯವರು. ಆ ಅವಧಿಯಲ್ಲಿ ಮನೆ ಖರ್ಚು, ಮಕ್ಕಳ ಶಾಲೆಯ ಫೀಸು ಹೆಂಡತಿಯ ಸಂಬಳದಿಂದ ನಡೆದಿತ್ತೆಂಬ ಮಾತೂ ಬರುತ್ತದೆ. ಈ ಏಳು ಲಕ್ಷದ ವ್ಯತ್ಯಾಸಕ್ಕಾಗಿ ವರ್ಷಗಟ್ಟಲೆ ದಾವೆ ನಡೆಸಿದರೆ ವಕೀಲರ ಶುಲ್ಕಕ್ಕೂ ತಡವಾದ ಕಂತಿನ ದಂಡಕ್ಕೂ ಅದರಲ್ಲಿ ದೊಡ್ಡ ಭಾಗ ಹೋಗಬಹುದು. ಸಮಪಾಲಿನ ಸುತ್ತಮುತ್ತಲೇ ಅನೇಕ ರಾಜಿಗಳು ಕೂಡಿಬರುವುದು ಇದರಿಂದಲೇ.

ಬ್ಯಾಂಕ್ ಈ ಜಗಳದ ಹೊರಗಿರುತ್ತದೆ

ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಸಾಲ ವಸೂಲು ಮಾಡುವ ಹಕ್ಕು ಬ್ಯಾಂಕಿಗಿದೆ. 1872ರ ಕರಾರು ಕಾಯ್ದೆಯ 43ನೇ ಸೆಕ್ಷನ್ ಹೇಳುವುದು ಇದನ್ನೇ. ಹೆಚ್ಚು ಕಟ್ಟಿದವರು ಮತ್ತೊಬ್ಬರಿಂದ ಅವರ ಪಾಲನ್ನು ಕೇಳಬಹುದು, ಆದರೆ ಅದು ಅವರಿಬ್ಬರ ನಡುವಿನ ವ್ಯವಹಾರ. ಕಂತನ್ನು ಇನ್ನು ಮುಂದೆ ಗಂಡನೇ ಕಟ್ಟಬೇಕು ಎಂದು ವಿಚ್ಛೇದನದ ಡಿಕ್ರಿಯಲ್ಲಿ ಬರೆದಿದ್ದರೂ, ಆ ಪ್ರಕರಣದಲ್ಲಿ ಪಕ್ಷಗಾರನಲ್ಲದ ಬ್ಯಾಂಕನ್ನು ಅದು ಕಟ್ಟಿಹಾಕುವುದಿಲ್ಲ. ಗಂಡ ಕಟ್ಟದೇ ಹೋದರೆ ನೋಟಿಸ್ ಹೆಂಡತಿಗೂ ಬರುತ್ತದೆ, ಸಿಬಿಲ್ ಸ್ಕೋರ್ ಅವಳದೂ ಕುಸಿಯುತ್ತದೆ. ಸಾಲ ವಸೂಲಾಗದ ಖಾತೆಗೆ ಸೇರಿದರೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕ್ ಮನೆಯನ್ನು ಹರಾಜಿಗಿಡಬಹುದು.

ಸಹ ಸಾಲಗಾರರ ಪಟ್ಟಿಯಿಂದ ಹೆಸರು ತೆಗೆಸಲು ಬ್ಯಾಂಕಿನ ಒಪ್ಪಿಗೆಯೇ ಬೇಕು. ಉಳಿಯುವ ಒಬ್ಬರ ಆದಾಯದ ಮೇಲೆಯೇ ಸಾಲ ನಿಲ್ಲುತ್ತದೆಯೇ ಎಂದು ಬ್ಯಾಂಕ್ ಹೊಸದಾಗಿ ಪರಿಶೀಲಿಸುತ್ತದೆ. ಒಪ್ಪಿದರೆ ಹಳೆಯ ಕರಾರಿನ ಬದಲು ಹೊಸ ಕರಾರು ಆಗುತ್ತದೆ. ಒಪ್ಪದಿದ್ದರೆ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬೇಕು, ಇಲ್ಲವೇ ಸಾಲ ತೀರಿಸಬೇಕು. ಮೂಲ ಪತ್ರಗಳು ಬ್ಯಾಂಕಿನಲ್ಲಿ ಅಡವಾಗಿರುವುದರಿಂದ ಅದರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇಲ್ಲದೆ ಒಡೆತನವನ್ನು ಬದಲಿಸಲು ಹೊರಡುವುದು ತೊಂದರೆಗೆ ದಾರಿ.

ಹಂಚಿಕೆಯ ದಾರಿಗಳು

ಮೊದಲನೆಯದು ಮಾರಾಟ. ಖರೀದಿದಾರರ ಹಣದಿಂದ ನೇರವಾಗಿ ಸಾಲ ತೀರಿಸಿ, ದಲ್ಲಾಳಿ ಕಮಿಷನ್, ತೆರಿಗೆ ಕಳೆದು ಉಳಿದದ್ದನ್ನು ಒಪ್ಪಿದ ಪ್ರಮಾಣದಲ್ಲಿ ಎರಡು ಖಾತೆಗಳಿಗೆ ಹಾಕಿಸಿಕೊಳ್ಳಬಹುದು. ಇಬ್ಬರ ನಡುವೆ ಮುಂದೆ ಯಾವ ಲೇವಾದೇವಿಯೂ ಉಳಿಯದ ದಾರಿ ಇದು.

ಎರಡನೆಯದು ಒಬ್ಬರ ಪಾಲನ್ನು ಇನ್ನೊಬ್ಬರು ಕೊಳ್ಳುವುದು. ಮೇಲಿನ ಲೆಕ್ಕದಲ್ಲಿ ಹೆಂಡತಿ ಮನೆ ಉಳಿಸಿಕೊಳ್ಳಬೇಕಾದರೆ ಗಂಡನಿಗೆ 35 ಲಕ್ಷ ಕೊಡಬೇಕು, 30 ಲಕ್ಷದ ಸಾಲವನ್ನೂ ಹೊರಬೇಕು. ಅಷ್ಟಕ್ಕೂ ಸಾಲವನ್ನೇ ಎತ್ತಿದರೆ 65 ಲಕ್ಷ. ಶೇ 8.5ರ ಬಡ್ಡಿಗೆ 20 ವರ್ಷದ ಅವಧಿ ಹಿಡಿದರೆ ತಿಂಗಳ ಕಂತು ಸುಮಾರು 56,400 ರೂಪಾಯಿ. ಒಂಟಿ ಸಂಬಳದಲ್ಲಿ ಮಗುವನ್ನೂ ಸಾಕುವವರಿಗೆ ಇದು ಭಾರ. ಹಾಗಾಗಿ ಈ ಹಂತದಲ್ಲಿ ಶಾಶ್ವತ ಜೀವನಾಂಶವನ್ನು ಮನೆಯ ಲೆಕ್ಕಕ್ಕೆ ವಜಾ ಮಾಡುವುದುಂಟು. ಗಂಡ ಒಂದೇ ಗಂಟಿನಲ್ಲಿ ಕೊಡಬೇಕಾದ ಜೀವನಾಂಶ 25 ಲಕ್ಷ ಎಂದು ಒಪ್ಪಂದವಾದರೆ, ಹೆಂಡತಿ ಕೊಡಬೇಕಾದದ್ದು 10 ಲಕ್ಷಕ್ಕೆ ಇಳಿಯುತ್ತದೆ, ಒಟ್ಟು ಸಾಲ 40 ಲಕ್ಷವಾಗಿ ಕಂತು 34,700 ರೂಪಾಯಿಗೆ ಬರುತ್ತದೆ.

ಮೂರನೆಯದು ಮಗು ಶಾಲೆ ಮುಗಿಸುವವರೆಗೆ ಜಂಟಿ ಒಡೆತನವನ್ನೇ ಮುಂದುವರಿಸಿ, ಮಗುವಿನ ಜೊತೆಗಿರುವವರು ಮನೆಯಲ್ಲಿರುವುದು. ಕಂತು, ಆಸ್ತಿ ತೆರಿಗೆ, ದುರಸ್ತಿ ಯಾರ ಮೇಲೆ, ಯಾವ ವರ್ಷ ಮಾರಬೇಕು, ಆಗ ಬೆಲೆ ಹೇಗೆ ಹಂಚಬೇಕು ಎಂಬುದು ಬರವಣಿಗೆಯಲ್ಲಿ ಇಲ್ಲದಿದ್ದರೆ ಈ ಏರ್ಪಾಡು ಎರಡನೇ ಜಗಳಕ್ಕೆ ಬೀಜ ಹಾಕುತ್ತದೆ.

ಯಾವುದಕ್ಕೂ ಒಪ್ಪಿಗೆಯಾಗದಿದ್ದರೆ ಉಳಿಯುವುದು ವಿಭಾಗದ ದಾವೆ. ಎರಡು ಕೋಣೆಯ ಫ್ಲ್ಯಾಟನ್ನು ಗೋಡೆ ಎಬ್ಬಿಸಿ ಪಾಲು ಮಾಡಲಾಗದು. ಇಂಥ ಸಂದರ್ಭಕ್ಕೆಂದೇ 1893ರ ವಿಭಾಗ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು ಕೇಳಿದರೆ ನ್ಯಾಯಾಲಯ ಆಸ್ತಿಯನ್ನು ಮಾರಿ ಹಣ ಹಂಚಲು ಹೇಳಬಹುದು. ಹಾಗೆ ಕೇಳಿದವರ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಳ್ಳುವ ಅವಕಾಶ ಇನ್ನೊಬ್ಬರಿಗೆ 3ನೇ ಸೆಕ್ಷನ್‌ನಲ್ಲಿದೆ. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ನಡುವೆ ಮೇಲ್ಮನವಿ ಎಂದು ಇದು ದೀರ್ಘವಾಗಿ ಎಳೆಯುತ್ತದೆ. ದಾವೆ ನಡೆಯುತ್ತಿರುವಾಗ ಒಬ್ಬರು ಮನೆಯನ್ನು ಬೇರೆಯವರಿಗೆ ಮಾರಿದರೆ, ಕೊಂಡವರೂ ದಾವೆಯ ಫಲಿತಾಂಶಕ್ಕೆ ಬದ್ಧರು.

ರಾಜಿಯನ್ನು ಬರೆಯುವ ಬಗೆ

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಮನೆಯ ಹಂಚಿಕೆ ರಾಜಿ ಅರ್ಜಿಯ ಭಾಗವಾಗುತ್ತದೆ. ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯವಿರುವ ನ್ಯಾಯದೇಗುಲ ಕಟ್ಟಡದಲ್ಲೇ 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರವಿದ್ದು, ಇಂಥ ರಾಜಿಗಳು ಅಲ್ಲಿ ರೂಪುಗೊಳ್ಳುತ್ತವೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದ ಮೇಲೆ, ಮುಚ್ಚಿಟ್ಟ ನಿವೇಶನಗಳು ಬೆಳಕಿಗೆ ಬರುವ ಸಾಧ್ಯತೆ ಹೆಚ್ಚಿದೆ.

ರಾಜಿ ಪತ್ರದಲ್ಲಿ ಮನೆಯ ಪೂರ್ತಿ ವಿವರ, ಅಂದರೆ ಖಾತಾ ಸಂಖ್ಯೆ, ಚಕ್ಕುಬಂದಿ, ಕ್ರಯಪತ್ರದ ನೋಂದಣಿ ಸಂಖ್ಯೆ ಇರಬೇಕು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್‌ನಂತೆ, ಪ್ರಕರಣದ ವಸ್ತುವೇ ಆದ ಆಸ್ತಿಯ ಬಗ್ಗೆ ಬಂದ ರಾಜಿ ಡಿಕ್ರಿಗೆ ನೋಂದಣಿ ಕಡ್ಡಾಯವಲ್ಲ. ಪ್ರಕರಣದಲ್ಲಿ ಇಲ್ಲದ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದ್ದರೆ ಕಡ್ಡಾಯ. ಹೆಚ್ಚಿನವರು ಅನುಮಾನಕ್ಕೆ ಎಡೆ ಬೇಡವೆಂದು ಹಕ್ಕು ಬಿಡುಗಡೆ ಪತ್ರವನ್ನು, ಆಡುಮಾತಿನ ರಿಲೀಸ್ ಡೀಡನ್ನು, ಬೇರೆಯಾಗಿ ನೋಂದಾಯಿಸುತ್ತಾರೆ.

ಇಲ್ಲಿ ದಿನಾಂಕ ಮುಖ್ಯ. ಕುಟುಂಬದ ಸದಸ್ಯರ ನಡುವಿನ ಬಿಡುಗಡೆ ಪತ್ರಕ್ಕೆ ಕರ್ನಾಟಕದಲ್ಲಿ ಕೆಲವು ಸಾವಿರ ರೂಪಾಯಿಯ ನಿಗದಿತ ಮುದ್ರಾಂಕ ಶುಲ್ಕ ಸಾಕು. ಹೊರಗಿನವರ ನಡುವಿನ ವ್ಯವಹಾರಕ್ಕೆ ಕ್ರಯಪತ್ರದ ದರ ಬೀಳುತ್ತದೆ, ದೊಡ್ಡ ಮೊತ್ತಗಳಿಗೆ ಅದರ ಮೂಲ ದರ ಶೇ 5. ಡಿಕ್ರಿಯಾದ ಮರುದಿನ ಅವರಿಬ್ಬರು ಗಂಡ ಹೆಂಡತಿಯಲ್ಲ, ಹಾಗಾಗಿ ನಿಗದಿತ ಶುಲ್ಕದ ಅನುಕೂಲ ಕೈತಪ್ಪಬಹುದು. ಹಾಗೆಂದು ಬಹಳ ಮುಂಚೆ ಬರೆದುಕೊಡುವುದೂ ಅಪಾಯ, ಏಕೆಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಎರಡು ಹಂತಗಳಲ್ಲಿ ನಡೆಯುತ್ತದೆ, ಡಿಕ್ರಿಯಾಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಎರಡನೇ ಹಂತದ ವಿಚಾರಣೆಗೆ ಕೆಲವೇ ದಿನ ಮುಂಚೆ ಪತ್ರ ನೋಂದಾಯಿಸಿ, ಡಿಮ್ಯಾಂಡ್ ಡ್ರಾಫ್ಟನ್ನು ನ್ಯಾಯಾಧೀಶರ ಮುಂದೆ ಕೈ ಬದಲಿಸುವ ಕ್ರಮ ಈ ಎರಡೂ ಅಪಾಯಗಳನ್ನು ತಗ್ಗಿಸುತ್ತದೆ.

ತೆರಿಗೆಯ ಲೆಕ್ಕವೂ ಇದೇ ಹೊತ್ತಿಗೆ ಆಗಬೇಕು. ಹಣ ಪಡೆದು ಪಾಲು ಬಿಟ್ಟರೆ ಅದು ಮಾರಾಟದಂತೆಯೇ. ಮನೆ 24 ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿದ್ದರೆ ದೀರ್ಘಾವಧಿ ಬಂಡವಾಳ ಲಾಭ. ಮೇಲಿನ ಉದಾಹರಣೆಯ ಗಂಡನ ಕೈಗೆ ಬರುವುದು 35 ಲಕ್ಷವಾದರೂ ಅವನ ಪಾಲಿನ 15 ಲಕ್ಷದ ಸಾಲವೂ ಇಳಿಯುವುದರಿಂದ ಪ್ರತಿಫಲ 50 ಲಕ್ಷ. ಅವನ ಅರ್ಧದ ಖರೀದಿ ಬೆಲೆ 30 ಲಕ್ಷ ಕಳೆದರೆ ಲಾಭ 20 ಲಕ್ಷ, ಶೇ 12.5ರಂತೆ ತೆರಿಗೆ ಎರಡೂವರೆ ಲಕ್ಷ ಮತ್ತು ಸೆಸ್. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಯಾದ್ದರಿಂದ, ಹಣದುಬ್ಬರ ಹೊಂದಾಣಿಕೆಯೊಂದಿಗೆ ಶೇ 20ರ ಹಳೆಯ ಲೆಕ್ಕದಲ್ಲಿ ತೆರಿಗೆ ಕಡಿಮೆ ಬಂದರೆ ಅದರ ಲಾಭವನ್ನು ಪಡೆಯಬಹುದು. ಹಣ ಪಡೆಯದೆ ದಾನವಾಗಿ ಕೊಟ್ಟರೆ ಈ ತೆರಿಗೆ ಇಲ್ಲ. ಬೇರೆ ಬಾಳುವ ಒಪ್ಪಂದದ ಭಾಗವಾಗಿ ಕೊಟ್ಟ ಮನೆಯ ಬಾಡಿಗೆ ಆದಾಯವನ್ನು ಕೊಟ್ಟವರ ಆದಾಯಕ್ಕೆ ಸೇರಿಸುವುದೂ ಇಲ್ಲ.

ವಿದೇಶದ ಡಿಕ್ರಿ, ಊರಿನ ಮನೆ

ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗ ದಂಪತಿಗಳಿಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಫ್ಲ್ಯಾಟ್ ಇರುವುದು ಸಾಮಾನ್ಯ. ಭಾರತದ ಸ್ಥಿರಾಸ್ತಿಯ ಹಕ್ಕನ್ನು ತೀರ್ಮಾನಿಸುವುದು ಅದು ಇರುವ ಊರಿನ ನ್ಯಾಯಾಲಯ. ಕ್ಯಾಲಿಫೋರ್ನಿಯಾದ ನ್ಯಾಯಾಲಯ ಜಯನಗರದ ಮನೆಯನ್ನು ಅರ್ಧರ್ಧ ಹಂಚಿದರೂ, ಆ ಆದೇಶವನ್ನು ತೋರಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಡೆತನ ಬದಲಿಸಲಾಗದು. ಇಲ್ಲಿ ಪತ್ರ ಬರೆದುಕೊಡುವಂತೆ ಅಲ್ಲಿಯ ನ್ಯಾಯಾಲಯ ಒಬ್ಬರಿಗೆ ಆದೇಶಿಸಬಹುದು. ಅವರು ಪಾಲಿಸದಿದ್ದರೆ ಇಲ್ಲಿ ಹೊಸ ದಾವೆಯೇ ಗತಿ.

ಪತ್ರ ನೋಂದಣಿಯಾದ ಮೇಲೆ

ಬಿಡುಗಡೆ ಪತ್ರ ನೋಂದಣಿಯಾದೊಡನೆ ಕೆಲಸ ಮುಗಿಯುವುದಿಲ್ಲ. ಹೊಸ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ಪತ್ರ ದಾಖಲಾಗಿದೆಯೇ ನೋಡಬೇಕು, ಇ-ಖಾತಾವನ್ನು ಒಬ್ಬರ ಹೆಸರಿಗೆ ಮಾಡಿಸಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕ, ಅಪಾರ್ಟ್‌ಮೆಂಟ್ ಸಂಘದ ಸದಸ್ಯತ್ವವನ್ನು ಬದಲಿಸಬೇಕು. ಸಾಲ ಪೂರ್ತಿ ತೀರಿದ್ದರೆ 30 ದಿನದೊಳಗೆ ಮೂಲ ಪತ್ರ ಮರಳಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಸೂಚಿಸಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಗೃಹಸಾಲದ ವಿಮೆಯಲ್ಲಿ, ಬ್ಯಾಂಕ್ ಖಾತೆಗಳಲ್ಲಿ ಹಳೆಯ ನಾಮಿನಿಯ ಹೆಸರು ಉಳಿದಿದ್ದರೆ ಅದನ್ನೂ, ಮದುವೆಯ ಕಾಲದಲ್ಲಿ ಬರೆದ ಉಯಿಲಿದ್ದರೆ ಅದನ್ನೂ ಬದಲಾಯಿಸಬೇಕು. ವಿಚ್ಛೇದನವಾದ ಮಾತ್ರಕ್ಕೆ ನಾಮಿನಿಯ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ.